ಒಡೆಸೋ ಮುಂಚೆ ಒಂದ್ಸಲ ಸೂರು ನೋಡಿ

ಮಾರತ್ತಹಳ್ಳಿ ಅಂದ ಕೂಡಲೇ ನೆನಪಾಗೋದು ಬ್ರಿಡ್ಜು, ಅದರ ಪಕ್ಕದ ಬಸ್ ಸ್ಟಾಪು, ಡಿಸ್ಕೌಂಟ್ ಬಟ್ಟೆ ಅಂಗಡಿಗಳು, ಸಾಲು ಸಾಲು ಪೀಜಿಗಳು. ಅಲ್ಲೊಂದು ಊರಿದೆ ಅನ್ನೋದೇ ಬಹಳ ಜನಕ್ಕೆ ಗೊತ್ತಿಲ್ಲ. ದೊಡ್ಡ ರಸ್ತೆ ಬಿಟ್ಟು ಒಳಕ್ಕೆ ಹೋದ್ರೆ ಬೀದಿ ಕಿರಿದಾಗುತ್ತೆ, ನೇರ ಹೋಗೋದು ಬಿಟ್ಟು ಬಾಗುತ್ತೆ. ನಾಲ್ಕು ಅಂತಸ್ತಿನ ಕಟ್ಟಡಗಳ ಮಧ್ಯೆ ಎಲ್ಲೋ ಒಂದು ಹೆಂಚಿನ ಮನೆ ಉಳ್ಕೊಂಡಿರುತ್ತೆ. ಮುಂದೆ ಜಗಲಿ, ಎರಡು ಕಲ್ಲುಕಂಬ ಅಥವಾ ಮರದ ಕಂಬ, ಒಂದು ಮೂಲೆಯಲ್ಲಿ ಕುಸಿದ ಗೋಡೆ, ಸೂರಿನ ಮೇಲೆ ನೀಲಿ ಟಾರ್ಪಾಲು.

ಇಂಥ ಮನೆ ಬಗ್ಗೆ ಯಾರನ್ನ ಕೇಳಿದ್ರೂ ಒಂದೇ ಉತ್ತರ: "ಅದರಲ್ಲೇನಿದೆ ಸಾರ್, ಒಡೆದು ಕಟ್ಸಿ." ಮೇಸ್ತ್ರಿ ಹೇಳೋದೂ ಅದೇ, ಭಾವಮೈದ ಹೇಳೋದೂ ಅದೇ. ಒಡೆದು ಕಟ್ಸೋಕೆ ದುಡ್ಡಿದ್ದವರು ಯಾವತ್ತೋ ಕಟ್ಸಿ ಆಗಿದೆ. ಈಗ ಉಳಿದಿರೋ ಮನೆಗಳು ಹೆಚ್ಚಾಗಿ ದುಡ್ಡಿಲ್ಲದವರದ್ದು, ಪಾಲು ಆಗದೆ ಸಿಕ್ಕಿಹಾಕಿಕೊಂಡವರದ್ದು, ಒಬ್ಬರೇ ಇರೋ ಅಜ್ಜಿಯರದ್ದು. ಅವರ ಮುಂದಿರೋದು ಎರಡೇ ದಾರಿ ಅಂತ ಎಲ್ಲರೂ ಹೇಳ್ತಾರೆ: ಸಾಲ ಮಾಡಿ ಕಟ್ಟು, ಇಲ್ಲಾ ಬಿಲ್ಡರ್‌ಗೆ ಕೊಡು. ಮೂರನೇ ದಾರಿ, ಅಂದ್ರೆ ಇರೋ ಮನೆಯನ್ನ ಕೈಲಾದಷ್ಟು ದುಡ್ಡಲ್ಲಿ ರಿಪೇರಿ ಮಾಡ್ಕೊಳ್ಳೋದು, ಯಾರ ಬಾಯಲ್ಲೂ ಬರಲ್ಲ. ಯಾಕೆ ಬರಲ್ಲ ಅನ್ನೋದಕ್ಕೆ ಒಂದು ಚರಿತ್ರೆ ಇದೆ. ಈ ಬರಹ ಅದರ ಬಗ್ಗೆ.

ಮೊದಲು ಊರಿನ ವಯಸ್ಸು. ಎಚ್‌ಎಎಲ್ ತಯಾರಿಸಿದ ‘ಮಾರುತ್’ ವಿಮಾನದಿಂದ ಊರಿಗೆ ಈ ಹೆಸರು ಬಂತು ಅನ್ನೋ ಕಥೆ ನೀವೂ ಕೇಳಿರ್ತೀರಿ. ಕೇಳೋಕೆ ಚೆನ್ನಾಗಿದೆ. ಆದ್ರೆ ಮಾರುತ್ ಮೊದಲ ಸಲ ಹಾರಿದ್ದು 1961ರ ಜೂನ್‌ನಲ್ಲಿ. ಈ ಭಾಗದ ಹಳ್ಳಿಗಳು ಅದಕ್ಕಿಂತ ಎಷ್ಟೋ ಹಳೇವು. ಪಕ್ಕದ ವಿಭೂತಿಪುರದಲ್ಲಿ ಮೂರನೇ ಬಲ್ಲಾಳನ ಕಾಲದ, 1307ರ ಒಂದು ತಮಿಳು ಶಾಸನ ಇದೆ. ಕಾಡು ಕಡಿದು, ನೆಲ ಹದ ಮಾಡಿ, ಕೆರೆ ಕಟ್ಟಿ, ಊರು ಮಾಡಿದ ವಿಷಯ ಅದರಲ್ಲಿದೆ. ಕೆರೆ, ಊರು ಎರಡೂ ಒಂದೇ ಕೆಲಸದ ಭಾಗ ಅನ್ನೋದನ್ನ ಗಮನಿಸಿ. ಮುಂದೆ ಮನೆಯ ವಿಷಯಕ್ಕೆ ಇದು ಬೇಕಾಗುತ್ತೆ.

ಈ ಕಡೆಯ ಹಳೇ ಮನೆ ಯಾವುದರಿಂದ ಕಟ್ಟಿದ್ದು? ಕೆಳಗೆ ಕಲ್ಲು, ಮೇಲೆ ಮಣ್ಣು, ಅದರ ಮೇಲೆ ಮರ, ಮೇಲ್ಗಡೆ ಹೆಂಚು ಅಥವಾ ಮಣ್ಣಿನ ಮಾಳಿಗೆ. ಇದರಲ್ಲಿ ಯಾವುದೂ ದೂರದಿಂದ ಬಂದಿದ್ದಲ್ಲ. ಬೆಂಗಳೂರಿನ ಕೆಳಗಿರೋ ಬಂಡೆ ಸುಮಾರು 300 ಕೋಟಿ ವರ್ಷ ಹಳೇದು. ಲಾಲ್‌ಬಾಗ್‌ನಲ್ಲಿ ಗೋಪುರದ ಕೆಳಗೆ ಕಾಣ್ಸುತ್ತಲ್ಲ, ಅದೇ ಬಂಡೆ. ಅದನ್ನ ಮದ್ದಿಡದೆ, ಬರೀ ಬೆಂಕಿಯಿಂದ ಪದರ ಪದರವಾಗಿ ಎಬ್ಬಿಸೋ ವಿದ್ಯೆ ಇಲ್ಲಿ ಇತ್ತು. ಬಂಡೆ ಮೇಲೆ ಸೌದೆ ಸಾಲಿಟ್ಟು ಬೆಂಕಿ ಹಚ್ಚೋದು, ಸುತ್ತಿಗೆಯಿಂದ ಕುಟ್ಟಿ ಶಬ್ದ ಕೇಳಿ ಅಡಿಯ ಪದರ ಬಿಟ್ಟಿದೆಯಾ ಅಂತ ತಿಳ್ಕೊಂಡು, ಬೆಂಕಿಯನ್ನ ನಿಧಾನಕ್ಕೆ ಮುಂದಕ್ಕೆ ಸರಿಸ್ತಾ ಹೋಗೋದು. ಗಟ್ಟಿಯಾದ ಒಂದೇ ಸಮದ ಚಪ್ಪಡಿ ಎದ್ದು ಬರ್ತಿತ್ತು. 1895ರಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆ ಈ ಕೆಲಸದ ವಿವರ ಪ್ರಕಟಿಸಿತ್ತು. ಆ ಚಪ್ಪಡಿಗಳೇ ಹೊಸ್ತಿಲು, ಜಗಲಿ, ಬಚ್ಚಲು, ತೋಟದ ಬೇಲಿ ಎಲ್ಲ ಆದವು. ಇವತ್ತಿಗೂ ಹಳೇ ಮನೆಯಲ್ಲಿ ಒಂದು ಪೈಸೆ ಖರ್ಚಿಲ್ಲದೆ ಉಳ್ಕೊಂಡಿರೋ ಭಾಗ ಅಂದ್ರೆ ಈ ಕಲ್ಲು.

ಗೋಡೆ ಮಣ್ಣಿನದ್ದು. ಕೆಲವು ಕಡೆ ಮುದ್ದೆ ಮಾಡಿ ಪದರದ ಮೇಲೆ ಪದರ ಇಟ್ಟಿದ್ದು, ಕೆಲವು ಕಡೆ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ. ಒಂದೂವರೆ ಅಡಿ, ಎರಡಡಿ ದಪ್ಪ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಹೂಳು ಎತ್ತೋರು. ಅದು ಹೊಲಕ್ಕೂ ಹೋಗ್ತಿತ್ತು, ಮನೆಗೂ ಬರ್ತಿತ್ತು. ಗೋಡೆಗೆ ಕೆಮ್ಮಣ್ಣು, ಮಾಳಿಗೆಗೆ ಕೆರೆಯ ಜೇಡಿಮಣ್ಣು. ಹೂಳೆತ್ತಿದರೆ ಕೆರೆ ರಿಪೇರಿ ಆಯ್ತು, ಅದೇ ಮಣ್ಣಲ್ಲಿ ಮನೆಯೂ ರಿಪೇರಿ ಆಯ್ತು.

ಇಲ್ಲಿ ಒಂದು ಮುಖ್ಯ ವಿಷಯ ಇದೆ. ಆ ಮನೆಗಳನ್ನ ಕಟ್ಟಿದವರು "ಇದು ನೂರು ವರ್ಷ ಅಲುಗಾಡಬಾರದು" ಅಂತ ಕಟ್ಟಿದ್ದಲ್ಲ. ಪ್ರತಿ ವರ್ಷ ಮುಟ್ಟಬೇಕು ಅಂತಲೇ ಕಟ್ಟಿದ್ದು. ಮುಂಗಾರಿಗೆ ಮುಂಚೆ ಸೂರಿಗೆ ಹತ್ತಿ ಹೆಂಚು ತಿರುಗಿಸೋದು. ಮಾಳಿಗೆ ಆದ್ರೆ ಬಿರುಕಿಗೆ ಹೊಸ ಮಣ್ಣು ಮೆತ್ತಿ ಬಡಿಯೋದು. ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ, ಕೆಳಗೆ ಒಂದು ಪಟ್ಟಿ ಕೆಮ್ಮಣ್ಣು. ನೆಲಕ್ಕೆ ವಾರಕ್ಕೊಂದ್ಸಲ ಸಗಣಿ ಸಾರಣೆ. ಗೋಡೆ ಬುಡದಲ್ಲಿ ಮಣ್ಣು ಕಿತ್ತು ಬಂದಿದ್ರೆ ಅವತ್ತೇ ಒಂದು ಮುದ್ದೆ ಮೆತ್ತಿಬಿಡೋದು. ಇದನ್ನ ಯಾರೂ ರಿಪೇರಿ ಅಂತ ಕರೀತಿರಲಿಲ್ಲ, ಕಸ ಗುಡಿಸೋದನ್ನ ರಿಪೇರಿ ಅನ್ನಲ್ವಲ್ಲ ಹಾಗೆ. ಇದರ ಬಹುಪಾಲು ಹೆಂಗಸರ ಕೆಲಸ, ಆದ್ದರಿಂದ ಯಾವ ಲೆಕ್ಕದ ಪುಸ್ತಕದಲ್ಲೂ ಬರೆದಿಲ್ಲ. ಕೈಯಿಂದ ದುಡ್ಡು ಹೋಗೋದು ಕಡಿಮೆ, ಮೈಮುರಿಯೋದು ಜಾಸ್ತಿ.

ಹಾಗಾಗಿ ಹಳೇ ಮನೆ ಹಾಳಾಗಿದ್ದು ವಯಸ್ಸಿನಿಂದ ಅಂತ ನಾನು ಒಪ್ಪಲ್ಲ. ಈ ವರ್ಷಾವರಿ ಕೆಲಸ ನಿಂತ ದಿನದಿಂದ ಅದು ಹಾಳಾಯ್ತು. ಆಮೇಲೆ ತಪ್ಪು ಔಷಧ ಕೊಟ್ಟಿದ್ದರಿಂದ ಇನ್ನೂ ಬೇಗ ಹಾಳಾಯ್ತು. ಅದು ಯಾವಾಗ, ಹೇಗೆ ನಿಂತು ಅಂತ ನೋಡೋಣ.

ಮೊದಲ ಬದಲಾವಣೆ ಸೂರಲ್ಲಿ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿಯ ಜೇಡಿಮಣ್ಣು, ಯಂತ್ರದ ಅಚ್ಚು, ಒಂದಕ್ಕೊಂದು ಕಚ್ಚಿಕೊಳ್ಳೋ ಚಪ್ಪಟೆ ಹೆಂಚು. ಅದಕ್ಕೂ ಮುಂಚೆ ಇದ್ದಿದ್ದು ಕುಂಬಾರರು ಚಕ್ರದ ಮೇಲೆ ಮಾಡಿ ಎರಡು ಸೀಳು ಮಾಡ್ತಿದ್ದ ನಾಡಹೆಂಚು. ಅದು ಕೋತಿ ನಡೆದ್ರೆ ಸರಿಯೋದು, ಗಾಳಿಗೆ ಕದಲೋದು. ಹಾಗಾಗಿ ವರ್ಷಕ್ಕೊಮ್ಮೆ ಕೈಯಾಡಿಸಲೇಬೇಕು. ಮಂಗಳೂರು ಹೆಂಚಿಗೆ ಅಷ್ಟು ಆರೈಕೆ ಬೇಡ. ನಿಮ್ಮ ಸೂರಿನ ಒಂದು ಹೆಂಚು ತೆಗೆದು ಹಿಂದೆ ತಿರುಗಿಸಿ ನೋಡಿ. ಕಾರ್ಖಾನೆ ಹೆಸರು, ಕೆಲವಕ್ಕೆ ಕಾರ್ಖಾನೆ ಶುರುವಾದ ವರ್ಷ ಕೂಡ ಅಚ್ಚಾಗಿರುತ್ತೆ. ನಿಮ್ಮ ಮನೆಯ ಮೇಲಿರೋ ಮೊದಲ ಲಿಖಿತ ದಾಖಲೆ ಅದು. ಇದೊಳ್ಳೆ ಬದಲಾವಣೆಯೇ. ಆದ್ರೆ ವರ್ಷಕ್ಕೊಮ್ಮೆ ಸೂರು ಹತ್ತೋ ಅಭ್ಯಾಸ ತಪ್ಪೋಕೆ ಶುರುವಾಗಿದ್ದೂ ಇಲ್ಲಿಂದಲೇ.

ಎರಡನೇದು ಪ್ಲೇಗು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲೂ ಕಂಟೋನ್ಮೆಂಟಿನಲ್ಲೂ ಜನ ಸತ್ತರು, ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕ್ಕೊಂಡರು. ಇಲಿ, ಕತ್ತಲೆ, ತೇವ, ಮಣ್ಣಿನ ಗೋಡೆ ಎಲ್ಲ ಒಂದೇ ಗುಂಪಿಗೆ ಸೇರಿ ಅಪರಾಧಿಗಳಾದವು. ಆ ಕಡೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬಂದರೆ ಈ ಕಡೆ ಕಂಟೋನ್ಮೆಂಟಿನಲ್ಲಿ ಫ್ರೇಜರ್ ಟೌನ್ ಹುಟ್ಟಿತು. ಅದರ ಹಿಂದಿದ್ದ ಜೆ.ಎಚ್. ಸ್ಟೀಫನ್ಸ್ 1914ರಲ್ಲಿ ಬೆಂಗಳೂರಿನಲ್ಲಿ ಪ್ಲೇಗ್ ತಡೆಯುವ ಊರು ಕಟ್ಟೋದು ಹೇಗೆ ಅನ್ನೋದರ ಮೇಲೆ ಪುಸ್ತಕವನ್ನೇ ಬರೆದರು. ಇಲಿ ಬಿಲ ತೋಡದ ನೆಲ, ಗಾಳಿ ಬೆಳಕು ಬರೋ ಕೋಣೆ, ಮನೆಮನೆ ಮಧ್ಯೆ ಜಾಗ. ಇದರಲ್ಲಿ ತಪ್ಪಿಲ್ಲ. ಇಲಿ ಮಣ್ಣಿನ ಗೋಡೆ ಕೊರೆಯೋದು ನಿಜ. ಆದ್ರೆ ಆ ಪಾಠ ಕಾಲಕಳೆದಂತೆ ಸಣ್ಣದಾಗಿ, "ಮಣ್ಣಿನ ಮನೆ ಅಂದ್ರೆ ರೋಗ, ಬಡತನ" ಅನ್ನೋ ಒಂದೇ ಮಾತು ಉಳೀತು. ಕಿಟಕಿ ದೊಡ್ಡದು ಮಾಡಿ ಅನ್ನೋದು ಮರೆತುಹೋಯ್ತು, ಮಣ್ಣು ಕೀಳು ಅನ್ನೋದು ಮಾತ್ರ ನೆನಪಲ್ಲಿ ಉಳೀತು.

ಮೂರನೇದು ಗಾರೆಯ ಸಾವು. ಸ್ವಲ್ಪ ಅನುಕೂಲ ಇದ್ದವರ ಮನೆಗೆ ಸುಣ್ಣದ ಗಾರೆ ಇರ್ತಿತ್ತು. ಸುಣ್ಣ ಅರಳಿಸಿ, ಮರಳು ಅಥವಾ ಸುರ್ಕಿ (ಇಟ್ಟಿಗೆ ಪುಡಿ) ಸೇರಿಸಿ, ಕಲ್ಲಿನ ಗಾಣದಲ್ಲಿ ಎತ್ತು ಕಟ್ಟಿ ಅರೆಯೋರು. ಮದ್ರಾಸ್ ತಾರಸಿ ಅಂದ್ರೆ ಇನ್ನೂ ಕಷ್ಟ. ಮರದ ತೊಲೆಗಳ ಮೇಲೆ ಸಣ್ಣ ತೆಳು ಇಟ್ಟಿಗೆಯನ್ನ ಓರೆಯಾಗಿ ನಿಲ್ಲಿಸಿ ಜೋಡಿಸಿ, ಮೇಲೆ ಇಟ್ಟಿಗೆ ಜಲ್ಲಿಯ ಗಾರೆ ಹಾಕಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸ್ತಾ ಸಾಲಾಗಿ ಕೂತು ದಿನಗಟ್ಟಲೆ ಬಡಿಯೋರು. ಅದೇನು ಹಿಂದುಳಿದ ವಿದ್ಯೆ ಅಂತ ತಿಳ್ಕೋಬೇಡಿ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಕಟ್ಟಿದ್ದು ಸಿಮೆಂಟಿನಲ್ಲಲ್ಲ, ಸುರ್ಕಿ ಗಾರೆಯಲ್ಲಿ. 124.80 ಅಡಿ ನೀರನ್ನ ತಡೆದು ನಿಂತಿದೆ. ಬೆಂಗಳೂರಿನ ನಲ್ಲಿಯಲ್ಲಿ ಬರೋ ಕಾವೇರಿಗೂ ಆ ಗಾರೆಯ ಋಣ ಇದೆ.

ಹಾಗಿದ್ದೂ ಸಿಮೆಂಟು ಗೆದ್ದಿದ್ದು ಯಾಕೆ? ಗಟ್ಟಿ ಅನ್ನೋದಕ್ಕಿಂತ ಬೇಗ ಅನ್ನೋದಕ್ಕೆ. 1930ರ ದಶಕದ ಕೊನೆಗೆ ಭದ್ರಾವತಿಯಲ್ಲೇ ಸಿಮೆಂಟು ತಯಾರಾಗೋಕೆ ಶುರುವಾಯ್ತು. ಚೀಲ ತರಿಸು, ನೀರು ಹಾಕು, ಕಲಸು, ನಾಳೆಗೆ ಗಟ್ಟಿ. ಗಾರೆ ಅರೆಯೋ ಗಾಣ ಬೇಡ, ವಾರಗಟ್ಟಲೆ ಕಾಯೋದು ಬೇಡ, ಸುಣ್ಣದ ಹದ ಗೊತ್ತಿರೋ ಹಿರಿಯ ಮೇಸ್ತ್ರಿಯೂ ಬೇಡ. ಕಂಟ್ರಾಕ್ಟರ್‌ಗೆ ಇದಕ್ಕಿಂತ ಇನ್ನೇನು ಬೇಕು? ಒಂದೆರಡು ತಲೆಮಾರಲ್ಲಿ ‘ಗಾರೆ ಕೆಲಸ’ ಅನ್ನೋ ಹೆಸರು ಉಳೀತು, ಗಾರೆ ಹೋಯ್ತು. ಇವತ್ತು ಗಾರೆ ಕೆಲಸದವರು ಅಂತ ಕರೆಸಿದ್ರೆ ಬರೋರು ಸಿಮೆಂಟ್ ಕೆಲಸದವರು.

ಮಾರತ್ತಹಳ್ಳಿಗೆ ಇದೆಲ್ಲ ತಲುಪಿದ್ದು ಎಚ್‌ಎಎಲ್ ದಾರಿಯಲ್ಲಿ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ರು. ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ಅಲ್ಲಿ ವಿಮಾನ ರಿಪೇರಿ ಮಾಡಿಸ್ತು. ರಾಗಿ ಹೊಲದ ಪಕ್ಕ ಕಾರ್ಖಾನೆಯ ಸೈರನ್ ಕೂಗೋಕೆ ಶುರುವಾಯ್ತು. ತಿಂಗಳ ಸಂಬಳ ಅನ್ನೋದು ಸುತ್ತಲ ಹಳ್ಳಿಗಳಿಗೆ ಬಂತು. ಸಂಬಳದವನಿಗೆ ಏಪ್ರಿಲ್‌ನಲ್ಲಿ ಸೂರು ಹತ್ತೋಕೆ ರಜಾ ಇಲ್ಲ. ಆದ್ರೆ ಒಂದು ಶೀಟು ತಂದು ಹಾಕೋಕೆ ದುಡ್ಡಿದೆ. ಹೀಗೆ ಮೈ ದುಡಿಮೆಯ ರಿಪೇರಿ ಹೋಗಿ ಕಾಸಿನ ರಿಪೇರಿ ಬಂತು. ಮುಂದೆ ದನ ಕಡಿಮೆ ಆದವು, ಸಗಣಿ ಹೋಯ್ತು. ಕೆರೆಯ ಹೂಳು ತರೋದು ನಿಂತಿತು. ಆಮೇಲೆ ಹೊರವರ್ತುಲ ರಸ್ತೆ, 1998ರಲ್ಲಿ ವೈಟ್‌ಫೀಲ್ಡಿನ ಐಟಿಪಿಎಲ್, 2007ರಲ್ಲಿ ಬಿಬಿಎಂಪಿ. ವರ್ತೂರು, ಬೆಳ್ಳಂದೂರು ಕೆರೆಗಳ ಗತಿ ಏನಾಯ್ತು ಅಂತ ನೊರೆ ಹಾರಾಡಿದ ಫೋಟೋಗಳಲ್ಲಿ ಜಗತ್ತೇ ನೋಡ್ತು. ಆ ಹೂಳನ್ನ ಇವತ್ತು ಮನೆಗೆ ತರೋಕೆ ಯಾರಿಗೂ ಧೈರ್ಯ ಇಲ್ಲ.

ಈ ಎಲ್ಲ ವರ್ಷಗಳಲ್ಲಿ ಹಳೇ ಮನೆಗೆ ಮಾಡಿದ ಉಪಚಾರ ನೋಡಿ. ಮಣ್ಣು ಉದುರ್ತಿದೆ ಅಂತ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ್ರು. ಎಲ್ಲರೂ ಮಾಡೋದು ಇದೇ. ಗೋಡೆಗೆ ದೊಡ್ಡ ಪೆಟ್ಟು ಬೀಳೋದೂ ಇದರಿಂದಲೇ. ಮಣ್ಣಿನ ಗೋಡೆ ನೆಲದ ತೇವ ಹೀರ್ಕೊಳ್ಳುತ್ತೆ, ಬಿಸಿಲಿಗೆ ಬಿಡುತ್ತೆ. ಸುಣ್ಣ, ಮಣ್ಣಿನ ಲೇಪ ಅದನ್ನ ತಡೆಯಲ್ಲ. ಸಿಮೆಂಟು ತಡೆಯುತ್ತೆ. ಒಳಗೆ ಸಿಕ್ಕಿಕೊಂಡ ನೀರು ಗೋಡೆಯ ಬುಡವನ್ನ ಮೆತ್ತಗೆ ಮಾಡುತ್ತೆ, ಉಪ್ಪು ಹೊರಗೆ ತರುತ್ತೆ, ಗೆದ್ದಲಿಗೆ ಮನೆ ಮಾಡಿಕೊಡುತ್ತೆ. ಮೇಲಿಂದ ನೋಡಿದ್ರೆ ನುಣ್ಣಗೆ, ಗಟ್ಟಿ. ಒಂದು ದಿನ ಗಿಲಾವಿನ ಹಾಳೆ ಪೂರ್ತಿ ಕಳಚಿ ಬಿದ್ದಾಗ ಹಿಂದೆ ಗೋಡೆಯೇ ಅರ್ಧ ಇರಲ್ಲ. ಆಗ ಹೇಳೋದು, "ಮಣ್ಣಿನ ಗೋಡೆ ಸಾರ್, ಎಷ್ಟು ದಿನ ಬರುತ್ತೆ?"

ಇನ್ನೊಂದು ಪೆಟ್ಟು ಬೀದಿಯಿಂದ. ಪ್ರತಿ ಸಲ ಡಾಂಬರು ಹಾಕುವಾಗ ಹಳೇದನ್ನ ಕೆರೆಯಲ್ಲ, ಅದರ ಮೇಲೇ ಹಾಕ್ತಾರೆ. ಮೊದಲು ಮೂರು ಮೆಟ್ಟಿಲು ಹತ್ತಿ ಹೋಗ್ಬೇಕಿದ್ದ ಜಗಲಿ ಈಗ ರಸ್ತೆ ಮಟ್ಟಕ್ಕೆ ಬಂದಿದೆ, ಕೆಲವು ಮನೆಗಳಿಗೆ ಇಳಿದೇ ಹೋಗ್ಬೇಕು. ಮಳೆ ನೀರು ಹೊಸ್ತಿಲು ದಾಟುತ್ತೆ. ಮನೆ ಕುಸೀತಿಲ್ಲ, ಊರು ಮೇಲೇಳ್ತಿದೆ.

ಸರಿ, ಇಷ್ಟು ಚರಿತ್ರೆ ತಿಳಿದು ಏನು ಉಪಯೋಗ? ಉಪಯೋಗ ಇದೆ. ಪ್ರತಿ ಪದರ ಯಾವಾಗ, ಯಾಕೆ ಬಂತು ಅಂತ ಗೊತ್ತಾದ್ರೆ ಯಾವುದನ್ನ ಮುಟ್ಟಬೇಕು, ಯಾವುದನ್ನ ಬಿಡಬೇಕು ಅಂತ ಗೊತ್ತಾಗುತ್ತೆ. ಕಡಿಮೆ ದುಡ್ಡಿನ ರಿಪೇರಿಯ ಗುಟ್ಟೇ ಅದು. ಊರೊಳಗಿನ ಹಲವು ಮನೆಗಳನ್ನ ಒಟ್ಟು ಸೇರಿಸಿ ಒಂದು ಮನೆ ಅಂದ್ಕೊಳ್ಳಿ. ಐದು ಚದರ, ಮಣ್ಣಿನ ಗೋಡೆ, ಮಂಗಳೂರು ಹೆಂಚು, ಅರ್ಧ ಗೋಡೆಗೆ ಸಿಮೆಂಟ್ ಗಿಲಾವು, ಹಿಂದೆ ಶೀಟಿನ ಅಡುಗೆಮನೆ. ಎಲ್ಲವನ್ನೂ ಒಂದೇ ವರ್ಷ ಮಾಡೋಕೆ ಹೋಗ್ಬೇಡಿ. ಮೂರು ಬೇಸಗೆ ಅಂತ ಇಟ್ಕೊಳ್ಳಿ.

ಮೊದಲ ಬೇಸಗೆ ಪೂರ್ತಿ ನೀರಿಗೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ. ಐದು ಚದರದ ಸೂರಿನ ಮೇಲೆ ಅದು ಸುಮಾರು 45,000 ಲೀಟರ್. ಹತ್ತು ಹೆಂಚು ಒಡೆದಿದ್ರೂ ಅದರಲ್ಲಿ ಒಂದು ಪಾಲು ಗೋಡೆಯ ತಲೆಗೇ ಇಳಿಯುತ್ತೆ. ಮಣ್ಣಿನ ಗೋಡೆ ತಲೆಯಿಂದ ನೆಂದರೆ ಉಳಿಯಲ್ಲ. ಹಾಗಾಗಿ ಬಣ್ಣ, ಟೈಲ್ಸು, ಹೊಸ ಬಾಗಿಲು ಎಲ್ಲ ಆಮೇಲೆ. ಹೆಂಚು ಇಳಿಸಿ, ಒಂದೊಂದನ್ನೂ ಬೆರಳಲ್ಲಿ ಕುಟ್ಟಿ ನೋಡಿ. ಠಣ್ ಅಂದ್ರೆ ಇಟ್ಕೊಳ್ಳಿ, ಬೊದ್ದು ಶಬ್ದ ಬಂದ್ರೆ ಪಕ್ಕಕ್ಕಿಡಿ. ಚದರಕ್ಕೆ ಸುಮಾರು 140 ಹೆಂಚು ಬೇಕು, ನಿಮಗೆ ಕಡಿಮೆ ಬೀಳೋದು ಅದರಲ್ಲಿ ಸ್ವಲ್ಪ ಭಾಗ ಮಾತ್ರ. ಬೇರೆ ಕಡೆ ಒಡೆದ ಮನೆಗಳ ಹೆಂಚು ಹಳೇ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತೆ. ಆದ್ರೆ ಒಂದು ಹೆಂಚು ಕೈಲಿ ಹಿಡ್ಕೊಂಡೇ ಹೋಗಿ. ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ ಬೇರೆ, ಕಚ್ಚು ಕೂರದಿದ್ದರೆ ತಂದಿದ್ದು ದಂಡ. ಹೆಂಚು ಇಳಿಸಿದಾಗಲೇ ರೀಪು, ತೀರು ಎಲ್ಲ ನೋಡ್ಕೊಳ್ಳಿ. ತೀರಿನ ತುದಿ, ಅಂದ್ರೆ ಗೋಡೆ ಮೇಲೆ ಕೂತಿರೋ ಭಾಗ ಮಾತ್ರ ಗೆದ್ದಲು ತಿಂದಿರೋದು ಸಾಮಾನ್ಯ. ಅದಕ್ಕೆ ಮರವನ್ನೇ ಎಸೆಯೋದು ಬೇಡ, ತುದಿಗೆ ಒಳ್ಳೇ ಮರದ ತುಂಡು ಜೋಡಿಸೋ ಬಡಗಿಗಳು ಇನ್ನೂ ಇದ್ದಾರೆ. ಸೂರಿನ ಅಂಚಿಗೆ ದೋಣಿ ಹಾಕ್ಸಿ, ನೀರು ಗೋಡೆ ಬುಡಕ್ಕೆ ಬೀಳದ ಹಾಗೆ ಮಾಡಿ. ರಸ್ತೆ ಎತ್ತರ ಆಗಿದ್ರೆ ಗೋಡೆಯ ಹೊರಗೆ ಒಂದು ಸಣ್ಣ ಕಾಲುವೆ ತೋಡಿ ಜಲ್ಲಿ ತುಂಬಿಸಿ, ಅದರ ನೀರು ಮೋರಿಗೆ ಹರಿಯೋ ಹಾಗೆ ಇಳಿಜಾರು ಕೊಡಿ. ಹಿಂದಿನ ಶೀಟು ಹಳೇ ಕಲ್ನಾರಿಂದಾದ್ರೆ ಅದನ್ನ ಒಡೀಬೇಡಿ, ಕೊರೀಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಬಿಡಿಸೋದೇ ಆದ್ರೆ ನೆನೆಸಿ, ಇಡಿಯಾಗಿ ಇಳಿಸಬೇಕು.

ಅದೇ ವರ್ಷ ಇನ್ನೊಂದಕ್ಕೆ ದುಡ್ಡು ತೆಗೆದಿಡಿ: ವೈರಿಂಗು. ಒಣ ಮರದ ಸೂರಿನ ಕೆಳಗೆ ಬಟ್ಟೆ ಸುತ್ತಿದ ಹಳೇ ವೈರು ಇಟ್ಕೊಂಡು ಮಲಗೋದು ಬೇಡ. ಅರ್ತಿಂಗು ಮಾಡಿಸಿ, ಶಾಕ್ ಹೊಡೆಯೋ ಮುಂಚೆ ಕಟ್ ಆಗೋ ಸ್ವಿಚ್ ಹಾಕ್ಸಿ. ಇದರಲ್ಲಿ ಉಳಿತಾಯ ಮಾಡೋಕೆ ಹೋಗ್ಬೇಡಿ.

ಎರಡನೇ ಬೇಸಗೆ ಗೋಡೆಗೆ. ಬಿಟ್ಟುಕೊಂಡಿರೋ ಸಿಮೆಂಟ್ ಗಿಲಾವನ್ನ ಬುಡದಿಂದ ಮೇಲಕ್ಕೆ, ಮೆಲ್ಲಗೆ ಬಿಡಿಸಿ. ಗಟ್ಟಿಯಾಗಿ ಹಿಡ್ಕೊಂಡಿದ್ರೆ ಬಲವಂತ ಬೇಡ, ಗೋಡೆಯನ್ನೇ ಎಳ್ಕೊಂಡು ಬರುತ್ತೆ. ಬಿಡಿಸಿದ ಮೇಲೆ ಗೋಡೆ ಒಣಗೋಕೆ ತಿಂಗಳುಗಟ್ಟಲೆ ಬಿಡಿ. ಇದಕ್ಕೆ ಖರ್ಚು ಸೊನ್ನೆ, ತಾಳ್ಮೆ ಮಾತ್ರ ಬೇಕು. ಕುಸಿದ ಭಾಗದ ಮಣ್ಣನ್ನ ಲಾರಿಗೆ ತುಂಬಿ ಕಳಿಸಬೇಡಿ. ಅದೇ ನಿಮ್ಮ ಸಾಮಾನು. ಕಲ್ಲು ಕಸ ಜರಡಿ ಹಿಡಿದು, ನೆನೆಸಿ, ಹುಲ್ಲು ಸೇರಿಸಿ ತುಳಿದ್ರೆ ಮತ್ತೆ ಹಸಿ ಇಟ್ಟಿಗೆ ಆಗುತ್ತೆ. ದೊಡ್ಡ ಗೋಡೆಯೇ ಹೊಸದಾಗಿ ಎತ್ತಬೇಕು ಅಂದ್ರೆ ಅದಕ್ಕೂ ಬೆಂಗಳೂರಲ್ಲೇ ಉತ್ತರ ಇದೆ. ಟಾಟಾ ಇನ್ಸ್‌ಟಿಟ್ಯೂಟಿನಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ‘ಅಸ್ತ್ರ’ ಅನ್ನೋ ಕೇಂದ್ರ ಶುರು ಮಾಡಿದ್ರು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ನೂರಕ್ಕೆ ಐದರಿಂದ ಎಂಟರಷ್ಟು ಸಿಮೆಂಟು ಸೇರಿಸಿ, ಕೈಯಂತ್ರದಲ್ಲಿ ಒತ್ತಿ, ಸುಡದೇ ಇಟ್ಟಿಗೆ ಮಾಡೋದನ್ನ ವರ್ಷಗಟ್ಟಲೆ ಪರೀಕ್ಷೆ ಮಾಡಿ ಹದಕ್ಕೆ ತಂದ್ರು. ಈ ಊರಲ್ಲಿ ಅದರಿಂದ ಕಟ್ಟಿದ ಮನೆಗಳು ಎಷ್ಟೋ ಇವೆ. ಮಣ್ಣು ಕೀಳು ಅಂತ ಪ್ಲೇಗಿನ ಕಾಲದಲ್ಲಿ ಕಲಿತ ಪಾಠವನ್ನ ವಿಜ್ಞಾನಿಗಳೇ ತಿದ್ದಿದ್ರು. ಸುದ್ದಿ ಮಾತ್ರ ಊರೊಳಕ್ಕೆ ಬರಲಿಲ್ಲ.

ಗೋಡೆಗೆ ಮೇಲ್ಲೇಪ ಮಣ್ಣಿನದ್ದೇ ಇರಲಿ, ಅದರ ಮೇಲೆ ಸುಣ್ಣ. ಪ್ಲಾಸ್ಟಿಕ್ ಪೇಂಟು ಬೇಡ, ಅದೂ ಸಿಮೆಂಟಿನ ತಮ್ಮನೇ. ಸುಣ್ಣವನ್ನ ಕೆಲವು ದಿನ ನೀರಲ್ಲಿ ನೆನೆಯೋಕೆ ಬಿಟ್ಟು, ಸೋಸಿ, ಅಂಟು ಹಾಕಿ, ತೆಳ್ಳಗೆ ಮೂರು ಕೈ ಹೊಡೀಬೇಕು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಇರಲಿ.

ಮೂರನೇ ಬೇಸಗೆಗೆ ನೆಲ, ಬಚ್ಚಲು, ಬಾಗಿಲು. ಬಾಗಿಲುವಾಡಗಳು ಹಳೇ ತೇಗ, ಹಲಸು, ಹೊನ್ನೆ ಆಗಿದ್ರೆ ಹೊಸದು ತರೋ ಮಾತೇ ಬೇಡ. ಹತ್ತು ಕೋಟು ಎಣ್ಣೆ ಬಣ್ಣ ಕೆರೆದು ನೋಡಿ. ಹೊರಗೆ ಎಸೆದಿದ್ದರ ಬೆಲೆ ಎಷ್ಟು ಅಂತ ತಿಳಿಯಬೇಕಾದ್ರೆ ಮಣಿಪಾಲಕ್ಕೆ ಹೋಗಿ ಬನ್ನಿ. ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈ ಅವರು, ಒಡೆದ ಮನೆಗಳಿಂದ ಸೌದೆ ರೇಟಿಗೆ ಹೋಗ್ತಿದ್ದ ಕಂಬ, ಬಾಗಿಲು, ತೊಲೆಗಳನ್ನ ತಂದು ತಮ್ಮ ಮನೆ ‘ಹಸ್ತಶಿಲ್ಪ’ ಕಟ್ಟಿಕೊಂಡ್ರು. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮರುಜೋಡಣೆ ಮಾಡಿ ಪಾರಂಪರಿಕ ಗ್ರಾಮ ಮಾಡಿದ್ರು. 2017ರಲ್ಲಿ ತೀರಿಕೊಂಡ್ರು. ಈಗ ಅದನ್ನ ಟಿಕೆಟ್ ಕೊಟ್ಟು ನೋಡ್ತೇವೆ. ನಮ್ಮೂರಲ್ಲಿ ಅಂಥದ್ದೇ ಬಾಗಿಲನ್ನ ಗುಜರಿಯವನಿಗೆ ಹಾಕ್ತೇವೆ.

ಇಷ್ಟು ಹೇಳಿ ಎಲ್ಲ ಹಳೇ ಮನೆಯನ್ನೂ ಉಳಿಸಬಹುದು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಗೋಡೆ ಹೊರಕ್ಕೆ ವಾಲಿದ್ರೆ, ಮೂಲೆ ಬಿರುಕಿನಲ್ಲಿ ಬೆರಳು ಹೋಗ್ತಿದ್ರೆ, ಪಕ್ಕದವರು ಪಾಯ ತೋಡುವಾಗ ನಿಮ್ಮ ತಳಪಾಯ ಕದಲಿದ್ರೆ ಮೊದಲು ಒಬ್ಬ ಇಂಜಿನಿಯರನ್ನ ಕರೆಸಿ. ಆ ಮನೆಯಲ್ಲಿ ಮಲಗೋದೂ ಬೇಡ.

ಅದಕ್ಕಿಂತ ದೊಡ್ಡ ಪ್ರಶ್ನೆ ಬಾಡಿಗೆಯದ್ದು. ಐದು ಚದರದ ಹೆಂಚಿನ ಮನೆಗೆ ಒಂದು ಬಾಡಿಗೆ. ಅದೇ ಜಾಗದಲ್ಲಿ ನಾಲ್ಕು ಅಂತಸ್ತು ಎತ್ತಿದ್ರೆ ಮಹಡಿಗೊಂದೆರಡರಂತೆ ಬಾಡಿಗೆ. ಮಗಳ ಮದುವೆ, ಮಗನ ಫೀಸು ಇರೋ ಮನೆಯವರಿಗೆ ಸುಣ್ಣದ ಗುಣಗಾನ ಮಾಡಿ ಈ ಲೆಕ್ಕ ಮರೆಸೋಕೆ ಆಗಲ್ಲ, ಮರೆಸಲೂಬಾರದು. ಹೊಲ ಹೋದ ಊರಿನವರಿಗೆ ಉಳಿದಿರೋ ಬೆಳೆ ಅಂದ್ರೆ ಬಾಡಿಗೆಯೊಂದೇ. ಅವರು ಒಡೆದು ಕಟ್ಟಿದ್ರೆ ಅದು ಅವರ ಹಕ್ಕು.

ನನ್ನ ತಕರಾರು ಇನ್ನೊಂದು ಕಡೆ. ಕಟ್ಟೋಕೆ ದುಡ್ಡಿಲ್ಲದವರಿಗೂ "ಇದರಲ್ಲೇನಿದೆ" ಅಂತ ಹೇಳಿ ಹೇಳಿ, ಅವರು ಸೂರಿನ ಹತ್ತು ಹೆಂಚನ್ನೂ ಬದಲಾಯಿಸದ ಹಾಗೆ ಮಾಡಿದ್ದೀವಲ್ಲ, ಅದು. ಹೇಗೂ ಒಂದಿನ ಒಡೆಯೋದೇ ಅಲ್ವಾ ಅಂತ ಹೆಂಚಿಗೆ ಕೈ ಹಾಕಲ್ಲ. ಹತ್ತು ವರ್ಷ ಆದ್ರೂ ಆ ದಿನ ಬರಲ್ಲ. ಅಷ್ಟರಲ್ಲಿ ಗೋಡೆ ಬಿದ್ದಿರುತ್ತೆ. ಒಳಗಿರೋ ಅಜ್ಜಿ ಮಳೆಗಾಲದ ರಾತ್ರಿ ಪಾತ್ರೆ ಜೋಡಿಸ್ಕೊಂಡು ಕೂತಿರ್ತಾರೆ. ಪಾಲು ಆಗೋವರೆಗೆ, ಸಾಲ ಸಿಗೋವರೆಗೆ ಆ ಮನೆ ಒಣಗಿರಬೇಕು, ಬೀಳದೆ ಇರಬೇಕು. ಅಷ್ಟಕ್ಕೆ ಬೇಕಾದ ದುಡ್ಡು, ಒಂದು ಮೋಲ್ಡ್ ಹಾಕೋಕೆ ಬೇಕಾಗೋ ದುಡ್ಡಿನ ಹತ್ತಿರಕ್ಕೂ ಬರಲ್ಲ.

ಬೆಂಗಳೂರಿನ ಬೇಸಗೆ ಮಳೆ ಏಪ್ರಿಲ್ ಕೊನೆಗೆ ಶುರುವಾಗುತ್ತೆ. ಅದಕ್ಕೆ ಮುಂಚೆ ಏಣಿ ಇರೋರನ್ನ ಒಂದು ಬೆಳಗ್ಗೆ ಕರೆಸಿ. ಹಲಗೆ ಹಾಕ್ಕೊಂಡು ಹತ್ತಲಿ, ಹೆಂಚಿನ ಮೇಲೆ ನೇರ ಕಾಲಿಡೋದು ಬೇಡ. ಒಡೆದವು ಎಷ್ಟು ಅಂತ ಎಣಿಸಿ ಒಂದು ಚೀಟಿಯಲ್ಲಿ ಬರ್ಕೊಳ್ಳಿ. ಒಡೆಸೋದಾ ಉಳಿಸೋದಾ ಅನ್ನೋ ಮಾತನ್ನ ಆ ಚೀಟಿ ಕೈಗೆ ಬಂದ ಮೇಲೆ ಮನೆಯವರೆಲ್ಲ ಕೂತು ಆಡಿ.